ನಜೀರನ ನಂಬರಿಗೆ ಬರುತ್ತಿದ್ದ ಓಟಿಪಿ

ಈಗ ದವಾಖಾನೆಗಳ ಕಂಪ್ಯೂಟರ್ ವಿಭಾಗಕ್ಕೆ ಸೇರುವವರಿಗೆ ವೆಬ್‌ಸೈಟಿಗೆ ಬೀಗದಂತಿರುವ ಎಸ್ಸೆಸ್ಸೆಲ್ ಸರ್ಟಿಫಿಕೇಟ್ ಎಂದರೆ ತಲೆನೋವೇ ಅಲ್ಲ. ಸರ್ವರ್ ಯಂತ್ರಕ್ಕೆ ಒಮ್ಮೆ ಹೇಳಿಕೊಟ್ಟು ಕೈ ತೊಳೆದುಕೊಂಡರೆ ಅದು ತಾನೇ ಹೊಸದಾಗುತ್ತ ಹೋಗುತ್ತದೆ. ನಾನು ನೌಕರಿಯ ಕೊನೆಯ ವರ್ಷಗಳಲ್ಲಿ ಆ ಸರ್ಟಿಫಿಕೇಟಿಗಾಗಿ ಬೆಳಗಾವಿಯಿಂದ ಖಾನಾಪುರದ ಬಸ್ಸು ಹತ್ತುತ್ತಿದ್ದೆ ಎಂದರೆ ನಗುತ್ತೀರಿ. ನಗಿರಿ. ನಾನೂ ಮೊದಮೊದಲು ನಗುತ್ತಲೇ ಹೋದವನು.

ನನ್ನದು ಖಾನಾಪುರ ತಾಲೂಕಿನ ಬೀಡಿ ಎಂಬ ಊರು. ಅಪ್ಪ ಕುರಿ ಮೇಯಿಸುತ್ತಿದ್ದ. ನಾನು ಹತ್ತನೆಯದು ಮುಗಿಸಿ, ಟೈಪಿಂಗ್ ಕಲಿತು, ಬೆಳಗಾವಿಯ ಒಂದು ಧರ್ಮಾರ್ಥ ದವಾಖಾನೆಗೆ ಟೈಪಿಸ್ಟ್ ಆಗಿ ಸೇರಿದೆ. ದವಾಖಾನೆಯ ಹೆಸರು ಹೇಳುವುದಿಲ್ಲ. ಅನ್ನ ಹಾಕಿದ ಮನೆ. ಟೈಪ್‌ರೈಟರ್ ಹೋಗಿ ಅದೇ ಮೇಜಿನ ಮೇಲೆ ಕಂಪ್ಯೂಟರ್ ಬಂತು, ಅದರ ಮುಂದೆ ಕುಳಿತವನೇ ಕಂಪ್ಯೂಟರ್ ವಿಭಾಗ ಎಂದಾಯಿತು. ಮುಂದೆ ಸಿಕ್ಕ ಬಡ್ತಿಗಳ ಕಥೆ ಬೇಡ. ಖುರ್ಚಿ ಬದಲಾಯಿತು, ತಲೆಯ ಮೇಲಿನ ಫ್ಯಾನು ಕೊನೆಯವರೆಗೂ ಅದೇ ಇತ್ತು.

ನಿಜವಾಗಿ ಕಂಪ್ಯೂಟರ್ ಬಲ್ಲವನು ನಜೀರ. ಖಾನಾಪುರದವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ದಿನಾ ಬೆಳಿಗ್ಗೆ ಅಲ್ಲಿಂದ ಬಂದು ಸಂಜೆ ತಿರುಗಿ ಹೋಗುತ್ತಿದ್ದ. ರೋಗಿಗಳು ರಕ್ತ ತಪಾಸಣೆಯ ವರದಿಗಾಗಿ ನಂದಗಡ, ಬೀಡಿಗಳಿಂದ ಬೆಳಗಾವಿಯವರೆಗೆ ಬಂದು ಸಾಲು ನಿಲ್ಲುವುದನ್ನು ನೋಡಲಾರದೆ ಅವನೊಂದು ವೆಬ್‌ಸೈಟ್ ಕಟ್ಟಿದ. ವರದಿಯನ್ನು ಮನೆಯಲ್ಲೇ ಫೋನಿನಲ್ಲಿ ನೋಡಬಹುದು, ಇಲ್ಲವೇ ಖಾನಾಪುರದಲ್ಲಿ ನಮ್ಮದೇ ಒಂದು ಕೇಂದ್ರವಿತ್ತು, ಅಲ್ಲಿ ಮುದ್ರಿಸಿಕೊಳ್ಳಬಹುದು. ಯಾರೂ ಹೇಳಿ ಮಾಡಿಸಿದ್ದಲ್ಲ, ಸಂಬಳ ಹೆಚ್ಚಿಸಿ ಎಂದು ಕೇಳಿ ಮಾಡಿದ್ದೂ ಅಲ್ಲ.

ಕೆಲವು ವರ್ಷ ಅದು ಬಾಗಿಲಿಲ್ಲದ ಮನೆಯ ಹಾಗೆಯೇ ನಡೆಯಿತು. ಯಾರ ವರದಿಯನ್ನಾದರೂ ದಾರಿಯಲ್ಲಿ ಯಾರಾದರೂ ಓದಬಹುದಿತ್ತು. ಇದಕ್ಕೊಂದು ಬೀಗ ಬೇಕೆಂದು ನಜೀರ ದವಾಖಾನೆಯ ಕಾರ್ಯದರ್ಶಿ ಸಾಹೇಬರಿಗೆ ಹೇಳಿದಾಗಲೆಲ್ಲ, ರೋಗಿಗಳ ವರದಿ ಕದ್ದು ಯಾರಿಗೇನು ಲಾಭ ಎಂದು ಅವರು ಕೇಳುತ್ತಿದ್ದರು. ಆಮೇಲೆ ಬ್ರೌಸರುಗಳೇ ಬೀಗವಿಲ್ಲದ ಸೈಟುಗಳ ನೆತ್ತಿಯ ಮೇಲೆ 'ನಾಟ್ ಸೆಕ್ಯೂರ್' ಎಂದು ಬರೆಯತೊಡಗಿದವು. ಸಾಹೇಬರು ಅದನ್ನು ತಮ್ಮ ಅಳಿಯನ ಫೋನಿನಲ್ಲಿ ಕಂಡು ನಮ್ಮಿಬ್ಬರನ್ನೂ ಕರೆಸಿದರು. ನಮ್ಮ ದವಾಖಾನೆ ಸುರಕ್ಷಿತವಲ್ಲ ಎಂದು ಬರೆದವನು ಯಾವನು, ಅವನ ಮೇಲೆ ಕೇಸು ಹಾಕಿ ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎನ್ನುತ್ತಾರಲ್ಲ, ನಮ್ಮ ಪುಣ್ಯಕ್ಕೆ ಊರು ಕೊಳ್ಳೆ ಹೋಗಿರಲಿಲ್ಲ. ಅಂದೇ ಮಂಜೂರಾತಿ ಸಿಕ್ಕಿತು.

ಸರ್ಟಿಫಿಕೇಟ್ ಕೊಡುವ ಕಂಪನಿಯಲ್ಲಿ ಖಾತೆ ತೆರೆಯಬೇಕು, ಖಾತೆಗೆ ಒಂದು ಮೊಬೈಲ್ ನಂಬರ್ ಬೇಕು; ಪ್ರತಿ ಸಲ ಒಳಹೋಗುವಾಗ ಆ ನಂಬರಿಗೆ ಓಟಿಪಿ ಬರುತ್ತದೆ. ಸಾಹೇಬರ ನಂಬರ್ ಕೊಡೋಣವೆಂದರೆ ಅವರು ಒಪ್ಪಲಿಲ್ಲ. "ಆಮ್ಯಾಲೆ ಸಾಲ ಬೇಕೇನ್ರಿ, ಪ್ಲಾಟ್ ಬೇಕೇನ್ರಿ ಅಂತ ದಿನಾ ಫೋನ್ ಹಚ್ಚತಾರ. ನಿಮ್ಮದ ಯಾವದರ ಕೊಡ್ರಿ," ಎಂದರು. ನನ್ನ ಫೋನು ಆ ವಾರವಷ್ಟೇ ಖಾಸಬಾಗದ ಸಂತೆಯಲ್ಲಿ ಕಳುವಾಗಿತ್ತು. ನಜೀರ ತನ್ನ ನಂಬರ್ ಕೊಟ್ಟ. ಯಾರಿಗೂ ಅದೊಂದು ದೊಡ್ಡ ಸಂಗತಿ ಎನಿಸಲಿಲ್ಲ.

ಮೊದಲ ಸಲ ನಾವು ಮಾಡಿಕೊಂಡ ಫಜೀತಿಯನ್ನೂ ಹೇಳಿಬಿಡಬೇಕು. ಸರ್ಟಿಫಿಕೇಟಿಗೆ ಅರ್ಜಿ ಹಾಕುವಾಗ ನಮ್ಮ ಯಂತ್ರದಲ್ಲೇ ಒಂದು ಗುಟ್ಟಿನ ಕೀಲಿಕೈ ಫೈಲಿನ ರೂಪದಲ್ಲಿ ಹುಟ್ಟುತ್ತದೆ. ಅದನ್ನು ಕಾಪಾಡಿಕೊಂಡರೆ ಮಾತ್ರ ಆಮೇಲೆ ಬರುವ ಬೀಗಕ್ಕೆ ಬೆಲೆ. ಅರ್ಜಿ ಹೋಯಿತು, ಬೀಗ ಬರುವ ಹೊತ್ತಿಗೆ ಕಂಪ್ಯೂಟರ್ ರಿಪೇರಿಯವನು ಬಂದು, ಯಂತ್ರ ನಿಧಾನವಾಗಿದೆಯೆಂದು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿ ಹೋಗಿದ್ದ. ಬೀಗ ಬಂತು, ಕೀಲಿಕೈ ಇಲ್ಲ. ನಜೀರ ತಲೆಯ ಮೇಲೆ ಕೈ ಹೊತ್ತು ಕುಳಿತು, ಸ್ವಲ್ಪ ಹೊತ್ತಿನ ಮೇಲೆ ನಗತೊಡಗಿದ. ಕಂಪನಿಯವರನ್ನು ಕಾಡಿ ಬೇಡಿ ಮತ್ತೆ ಮಾಡಿಸಿಕೊಂಡೆವು. ಅಂದಿನಿಂದ ನಾನು ಆ ಕೀಲಿಕೈಯ ಪ್ರತಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡತೊಡಗಿದೆ, ಕಪಾಟಿನ ಕೀಲಿಕೈಯನ್ನು ಮಾತ್ರ ಎಲ್ಲಿ ಇಟ್ಟೆನೆಂದು ವಾರಕ್ಕೊಮ್ಮೆ ಹುಡುಕುತ್ತಿದ್ದೆ.

ಕೆಲಸ ಮುಗಿಯಿತೆಂದು ಹೇಳಲು ಹೋದರೆ ಸಾಹೇಬರು ಕೈ ಚಾಚಿದರು. ಸರ್ಟಿಫಿಕೇಟ್ ಎಲ್ಲಿ? ಅದು ಕಾಗದದ್ದಲ್ಲ, ಸರ್ವರಿನೊಳಗೆ ಇರುತ್ತದೆ ಎಂದು ತಿಳಿಸಿ ಹೇಳಲು ನಾನು ಹೆಣಗಾಡುತ್ತಿದ್ದರೆ, ನಜೀರ ಹೊರಗೆ ಹೋಗಿ ಅದರ ವಿವರವನ್ನೆಲ್ಲ ಬಣ್ಣದಲ್ಲಿ ಮುದ್ರಿಸಿ ತಂದುಕೊಟ್ಟ. ಸಾಹೇಬರು ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ಖುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದರು. ಅವಧಿ ಮುಗಿಯುವ ದಿನವೂ ಅದರಲ್ಲೇ ದಪ್ಪಕ್ಷರದಲ್ಲಿತ್ತು, ಆದರೆ ಅದನ್ನು ಓದಬೇಕಾದವರು ಅದಕ್ಕೆ ಬೆನ್ನು ಹಾಕಿ ಕೂಡುತ್ತಿದ್ದರು.

ಇನ್ನೊಂದು ತಾಪತ್ರಯ ಖಾನಾಪುರ ಕೇಂದ್ರದ ಕಂಪ್ಯೂಟರಿನದು. ಅದರೊಳಗಿನ ಗಡಿಯಾರದ ಸಣ್ಣ ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದರ ತಾರೀಖು ಹಳೆಯ ಯಾವುದೋ ವರ್ಷಕ್ಕೆ ಜಾರುತ್ತಿತ್ತು. ತಾರೀಖು ತಪ್ಪಿದ್ದರೆ ಬ್ರೌಸರು ನಮ್ಮ ಬೀಗವನ್ನು ನಂಬುವುದಿಲ್ಲ, ಕೆಂಪು ಎಚ್ಚರಿಕೆ ತೋರಿಸಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಖಾನಾಪುರದಲ್ಲಿ ಕರೆಂಟು ಹೋಗದ ದಿನವಿಲ್ಲ. ಬ್ಯಾಟರಿಗೆ ಬರೆದ ಬೇಡಿಕೆ ಮೇಜಿನಿಂದ ಮೇಜಿಗೆ ಅಡ್ಡಾಡುತ್ತಲೇ ಇತ್ತು. ಕೌಂಟರಿನ ಮಾರುತಿಗೆ ಕನ್ನಡಕ್ಕಿಂತ ಮರಾಠಿ ಹತ್ತಿರ. ನಜೀರ ಅವನಿಗೆ ಎರಡೂ ಭಾಷೆಯಲ್ಲಿ ಪಾಠ ಮಾಡಿದ: ಕೆಂಪು ಬಂತೆಂದರೆ ಮೊದಲು ತಾರೀಖು ನೋಡು, ಸರಿ ಮಾಡು. ಮಾರುತಿ ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡ.

ಕೊರೋನಾದ ಎರಡನೆಯ ಅಲೆಯಲ್ಲಿ ನಜೀರ ಹೋದ. ವರದಿಗಾಗಿ ಇಡೀ ತಾಲೂಕು ಆ ಸೈಟಿನ ಬಾಗಿಲಲ್ಲಿ ನಿಂತಿದ್ದ ಕಾಲ ಅದು. ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸಕ್ಕೂ ಸಾಹೇಬರು ಬಾ ಎಂದರು, ಅವನು ಬಂದ. ಜ್ವರ ಬಂದ ಮೇಲೂ ಫೋನಿನಲ್ಲಿ ನನಗೆ ಅದು ನೋಡು, ಇದು ನೋಡು ಎನ್ನುತ್ತಿದ್ದ. ನಮ್ಮದೇ ದವಾಖಾನೆಯಲ್ಲಿ ತೀರಿಕೊಂಡ. ಅವನ ಕೊನೆಯ ವರದಿ ಅವನು ಕಟ್ಟಿದ ಸೈಟಿನಲ್ಲೇ ಬಂತು, ಅದನ್ನು ತೆರೆದವನು ನಾನು. ಅಂದು ಮೇಜಿನ ಕೆಳಗೆ ತಲೆ ಹಾಕಿ ಅತ್ತಿದ್ದೇನೆ, ಹೇಳಲು ನಾಚಿಕೆಯಿಲ್ಲ.

ಎಲ್ಲ ಸ್ವಲ್ಪ ತಣ್ಣಗಾದ ಮೇಲೆ ದವಾಖಾನೆಯ ಅಂಗಳದಲ್ಲಿ ಸಂತಾಪ ಸಭೆಯಾಯಿತು. ನಜೀರನ ಹೆಂಡತಿ ಶಮೀಮ್ ಭಾಬಿ, ಆಗ ಪಿಯುಸಿ ಓದುತ್ತಿದ್ದ ಮಗಳು ಆಯಿಷಾ, ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಸಾಹೇಬರು ಮೈಕ್ ಹಿಡಿದು, ಈ ಮಗಳ ಓದು ಮುಗಿಯಲಿ, ನೌಕರಿ ನಮ್ಮ ಜವಾಬ್ದಾರಿ ಎಂದರು. ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಒಬ್ಬರನ್ನೊಬ್ಬರು ನೋಡಿದರು. ಆಯಿಷಾ ಆ ಮಾತನ್ನು ನಂಬಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಕ್ಕೆ ಸೇರಿದಳು. ಖಾನಾಪುರ ಕೇಂದ್ರದಲ್ಲೇ ಕೆಲಸ ಸಿಕ್ಕರೆ ತಾಯಿಯೊಂದಿಗೆ ಇರಬಹುದೆಂಬುದು ಆ ಮನೆಯ ಲೆಕ್ಕಾಚಾರ.

ಆ ವರ್ಷ ಸರ್ಟಿಫಿಕೇಟ್ ಹೊಸದು ಮಾಡುವ ಹೊತ್ತು ಬಂತು. ಮೊದಲು ಎರಡು ಮೂರು ವರ್ಷಕ್ಕೊಮ್ಮೆ ಇದ್ದದ್ದು ಆಗ ವರ್ಷಕ್ಕೊಮ್ಮೆ ಆಗಿತ್ತು. ಖಾತೆ ತೆರೆಯಲು ಹೋದೆ, ಓಟಿಪಿ ನಜೀರನ ನಂಬರಿಗೆ ಹೋಯಿತು. ಸತ್ತವನ ಫೋನಿಗೆ ಹೋದ ಅಂಕಿಯನ್ನು ಎಲ್ಲಿ ಹುಡುಕುವುದು? ಫೋನ್ ಹಚ್ಚಿದೆ. ಭಾಬಿ ಎತ್ತಿದರು. ನಂಬರನ್ನು ಅವರು ರಿಚಾರ್ಜ್ ಮಾಡಿಸಿ ಜೀವಂತ ಇಟ್ಟಿದ್ದರು. ಫೋನಿನಲ್ಲಿ ಓಟಿಪಿ ಯಾರಿಗೂ ಹೇಳಬೇಡ ಎಂದು ನಜೀರ ಅವರಿಗೆ ಕಟ್ಟುನಿಟ್ಟಾಗಿ ಹೇಳಿದ್ದನಂತೆ. ನೀವೇ ಬರ್ರಿ, ಎದುರಿಗೆ ಕೂತು ನೋಡಿ ಬರಕೊಳ್ರಿ ಎಂದರು. ಹೀಗೆ ನನ್ನ ಖಾನಾಪುರದ ಪ್ರಯಾಣ ಶುರುವಾಯಿತು.

ಸ್ಟೇಷನ್ನಿನ ಬಾಜು ಎರಡು ಕೋಣೆಯ ಬಾಡಿಗೆ ಮನೆ. ನಜೀರನ ಫೋನು ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಇರುತ್ತಿತ್ತು. ನಾನು ನನ್ನ ಫೋನಿನಲ್ಲಿ ಖಾತೆ ತೆರೆಯುವುದು, ಅವರು ಅದರಲ್ಲಿ ಬಂದ ಅಂಕಿಗಳನ್ನು ಒಂದೊಂದಾಗಿ ಓದುವುದು, ಆಮೇಲೆ ಚಹಾ. ಹೊರಡುವಾಗ ಪ್ರತಿ ಸಲ ಅವರು, ಆಯಿಷಾಳ ಓದು ಇಷ್ಟಕ್ಕೆ ಬಂತೆಂದು ಸಾಹೇಬರಿಗೆ ಹೇಳಿ ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಸಾಹೇಬರು ನೆನಪಿದೆ, ನೆನಪಿದೆ ಎನ್ನುತ್ತಿದ್ದರು.

ಇಲ್ಲಿ ಈ ಕೆಲಸ ಬಲ್ಲವರು ನನ್ನನ್ನು ತಡೆದು ಕೇಳುತ್ತೀರಿ. ಸೈಟು ನಮ್ಮದೆಂದು ತೋರಿಸಲು ನಮ್ಮ ಸರ್ವರಿನಲ್ಲೇ ಒಂದು ಸಣ್ಣ ಫೈಲು ಇಟ್ಟರೆ ಸಾಕಲ್ಲ? ನನ್ನ ನಂಬರಿನಿಂದ ಹೊಸ ಖಾತೆ ತೆರೆದಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ನನಗೆ ಗೊತ್ತಿತ್ತು. ಬೇಕೆಂದೇ ಮಾಡಲಿಲ್ಲ. ದವಾಖಾನೆಗೆ ಆ ಮನೆಯಿಂದ ಏನಾದರೂ ಬೇಕಾಗಿರುವವರೆಗೆ ಮಾತ್ರ ಅಂಗಳದಲ್ಲಿ ಕೊಟ್ಟ ಮಾತು ನೆನಪಿರುತ್ತದೆ ಎಂಬುದು ನನ್ನ ಅನುಭವ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಹೊಳೆ ದಾಟಿಸದೆ ಇಟ್ಟರಾಯಿತು ಎಂದುಕೊಂಡೆ. ಅದು ತಪ್ಪೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಭಾಬಿಗೆ ಮಾತ್ರ ಇದನ್ನು ಹೇಳಿರಲಿಲ್ಲ. ಬೀಗದ ಕೀಲಿಕೈ ತಮ್ಮ ಮನೆಯ ಗೂಡಿನಲ್ಲೇ ಇದೆಯೆಂದು ಅವರು ನಂಬಿದ್ದರು.

ಆಯಿಷಾ ಡಿಪ್ಲೊಮಾ ಮುಗಿಸಿದಳು, ಅಂಕಗಳೂ ಚೆನ್ನಾಗಿದ್ದವು. ಅದೇ ಹೊತ್ತಿಗೆ ಖಾನಾಪುರ ಕೇಂದ್ರದ ಲ್ಯಾಬಿನಲ್ಲಿ ಒಂದು ಜಾಗ ತೆರವಾಯಿತು. ನಾನು ಅರ್ಜಿ ಟೈಪ್ ಮಾಡಿ ಸಹಿ ಹಾಕಿಸಿ ಸಾಹೇಬರ ಕೈಗೇ ಕೊಟ್ಟೆ. ಮರುವಾರ ಆ ಜಾಗಕ್ಕೆ ಆಡಳಿತ ಮಂಡಳಿಯ ಒಬ್ಬರ ಸಂಬಂಧಿಕ ಬಂದು ಕುಳಿತಿದ್ದ. ಕೇಳಿದರೆ, ಮುಂದಿನ ಜಾಗ ಅವಳದೇ ಎಂದರು. ಎರಡೇ ಖುರ್ಚಿಯ ಆ ಲ್ಯಾಬಿನಲ್ಲಿ ಮುಂದಿನ ಜಾಗ ಯಾವಾಗ ತೆರವಾಗುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸರ್ಟಿಫಿಕೇಟಿನ ಅವಧಿ ಮುಗಿಯಲು ಬಂದಾಗ ಮತ್ತೆ ಖಾನಾಪುರಕ್ಕೆ ಹೋದೆ. ಭಾಬಿ ಎಂದಿನಂತೆ ಬರ್ರಿ, ಕುಂದರ್ರಿ ಎಂದರು. ಚಹಾ ಮೊದಲೇ ಬಂತು. ಆಯಿಷಾ ಒಳಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಖಾತೆ ತೆರೆದೆ, ಭಾಬಿಯ ಮಡಿಲಲ್ಲಿದ್ದ ಫೋನು ಸದ್ದು ಮಾಡಿತು. ಅವರು ಅದನ್ನು ನೋಡಲಿಲ್ಲ.

"ಬಂದೈತ್ರಿ ಭಾಯಿ. ಆದ್ರ ಈ ಸಲ ಓದಂಗಿಲ್ಲ," ಎಂದರು.

ನಾನು ಫೋನಿನಿಂದ ತಲೆ ಎತ್ತಿ ಅವರತ್ತ ನೋಡಿದೆ.

"ಸಾಹೇಬ್ರಿಗೆ ಹೇಳ್ರಿ. ಮಗಳ ನೌಕರಿ ಆರ್ಡರ್ ಬರಲಿ, ನಾನ ಬೆಳಗಾಂವಿಗೆ ಬಂದು ಓದಿ ಹೇಳ್ತೀನಿ. ಅಷ್ಟ ಮಂದಿ ಮುಂದ ಕೊಟ್ಟ ಮಾತ ಅದು. ನಾ ಏನ್ ಭಿಕ್ಷಾ ಬೇಡಾಕತ್ತಿಲ್ಲ."

ಆಯಿಷಾ ತಲೆ ತಗ್ಗಿಸಿದಳು. ಓಟಿಪಿಯ ಆಯುಷ್ಯ ಬಹಳ ಕಡಿಮೆ, ನನ್ನ ಬಸಿಯಲ್ಲಿ ಚಹಾ ಆರುವುದರೊಳಗೆ ಅದು ಕೆಲಸಕ್ಕೆ ಬಾರದಂತಾಯಿತು. ಆ ಕ್ಷಣದಲ್ಲಾದರೂ ಅವರಿಗೆ ನಿಜ ಹೇಳಬಹುದಿತ್ತು. ಆದರೆ ಅವರ ಮುಖದಲ್ಲಿ ನಜೀರ ಹೋದ ಮೇಲೆ ಮೊದಲ ಸಲ ಒಂದು ಬಿಗುವು ಕಂಡೆ, ಅದನ್ನು ಕಳೆಯುವ ಮನಸ್ಸಾಗಲಿಲ್ಲ. "ಹೇಳ್ತೀನ್ರಿ ಭಾಬಿ," ಎಂದು ಎದ್ದೆ. ಬಸ್ಸಿನಲ್ಲಿ ಕುಳಿತು, ಈ ಸಲವಾದರೂ ಸಾಹೇಬರು ಬಗ್ಗಬಹುದು ಎಂದು ಖರೇನೇ ಆಸೆಪಟ್ಟೆ.

ಸಾಹೇಬರಿಗೆ ಸಿಟ್ಟು ಬಂತು. ಒಬ್ಬ ಹೆಣ್ಣುಮಗಳ ಕೈಯಲ್ಲಿ ದವಾಖಾನೆಯ ಬೀಗ ಇದೆ ಎನ್ನಲು ನಾಚಿಕೆಯಾಗುವುದಿಲ್ಲವೇ ಎಂದು ನನ್ನನ್ನೇ ಕೇಳಿದರು. ನಾನು ಅಂಗಳದ ಸಭೆಯನ್ನು ನೆನಪಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಾತ ಕೊಟ್ಟಿದ್ದೆ. ಆರ್ಡರ್ ಕೊಟ್ಟಿದ್ನೇನ್ರಿ?" ಎಂದರು.

ಆಮೇಲೆ ಹೆಗಲ ಮೇಲಿಂದ ಹೆಬ್ಬೆರಳು ತೋರಿಸಿ, ಸರ್ಟಿಫಿಕೇಟ್ ಇಲ್ಲೇ ಗೋಡೆಯ ಮೇಲೆ ಇದೆಯಲ್ಲ, ಮುಗಿಯುವುದು ಹೇಗೆ ಎಂದೂ ಕೇಳಿದರು. ಎಷ್ಟು ವರ್ಷ ಅವರ ಕೈಕೆಳಗೆ ದುಡಿದೆನೋ, ಅಂದಿನಷ್ಟು ದಣಿವು ಎಂದೂ ಆಗಿರಲಿಲ್ಲ. ನಾನೂ ಹಟ ಹಿಡಿದೆ. ಹೊಸ ಖಾತೆ ತೆರೆದು, ಆ ಸಣ್ಣ ಫೈಲನ್ನು ಇಟ್ಟು ಬೀಗ ಹೊಸದು ಮಾಡಲು ನನಗೆ ಅರ್ಧ ತಾಸು ಸಾಕಿತ್ತು. ಕೈ ಹಚ್ಚಲಿಲ್ಲ. ಅವಧಿ ಮುಗಿಯಿತು.

ಬೆಳಗಾವಿಯಲ್ಲಿ ಎಲ್ಲರ ಫೋನಿನಲ್ಲಿ ಕೆಂಪು ಎಚ್ಚರಿಕೆ ಬಂತು. ರೋಗಿಗಳು ಮತ್ತೆ ಸಾಲು ನಿಂತರು. ಬೈಗುಳ ಎಲ್ಲ ನನ್ನ ಮೇಜಿಗೆ ಬಂತು, ಅದಕ್ಕೆ ನಾನು ಸಿದ್ಧನಿದ್ದೆ. ವಿಚಿತ್ರವೆಂದರೆ ಖಾನಾಪುರ ಕೇಂದ್ರದಿಂದ ಒಂದು ತಕರಾರೂ ಇಲ್ಲ, ಅಲ್ಲಿ ವರದಿಗಳು ಸರಾಗ ಹೊರಬರುತ್ತಿದ್ದವು. ನಂದಗಡದ ಒಬ್ಬ ಅಜ್ಜಿಯನ್ನು ಮೊಮ್ಮಗ ಬೆಳಗಾವಿಯ ಡಾಕ್ಟರ ಹತ್ತಿರ ಕರೆತಂದಾಗ ಅದರ ಗುಟ್ಟು ರಟ್ಟಾಯಿತು. ಅಜ್ಜಿ ಸಕ್ಕರೆ ತಪಾಸಣೆ ಮಾಡಿಸಿದ್ದು ಹಿಂದಿನ ದಿನ, ವರದಿಯ ಮೇಲಿದ್ದದ್ದು ಹಿಂದಿನ ತಿಂಗಳ ತಾರೀಖು. ಇದು ಹಳೆಯದು, ಹೊಸದು ಮಾಡಿಸಿಕೊಂಡು ಬಾ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಅಜ್ಜಿ ಬೆಳಗಿನಿಂದ ಉಪವಾಸ ಬಂದು ನಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳಿಗೆ ಇಡ್ಲಿ ತರಿಸಿಕೊಟ್ಟು, ಖಾನಾಪುರಕ್ಕೆ ಫೋನ್ ಹಚ್ಚಿದೆ.

ಮಾರುತಿ ಸಂತೋಷದಿಂದಲೇ ಹೇಳಿದ. "ಕೆಂಪ ಬಂದಿತ್ರಿ ಸರ್. ನಜೀರಭಾಯಿ ಹೇಳಿದ್ರಲ್ಲ, ತಾರೀಖ ನೋಡು ಅಂತ. ಇವತ್ತಿನ ತಾರೀಖ ಹಾಕಿದ್ರ ನಡೀವಲ್ದು. ಹೋದ ತಿಂಗಳದ್ದು ಹಾಕಿದೆ, ಎಲ್ಲಾ ಸುರಳೀತ ಐತಿ."

ಬೀಗ ಜೀವಂತವಿದ್ದ ದಿನಕ್ಕೆ ಅವನು ಗಡಿಯಾರವನ್ನು ಹಿಂದೆ ತಿರುಗಿಸಿದ್ದ, ನಮ್ಮ ಪ್ರೋಗ್ರಾಮು ಅದೇ ತಾರೀಖನ್ನು ವರದಿಗೆ ಮುದ್ರಿಸುತ್ತಿತ್ತು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ತಾರೀಖು ಹಿಂದೆ ಮಾಡಿದರೆ ಎಲ್ಲ ಸರಿಯಾಗುತ್ತದೆಂದಾದರೆ ನಾನು ಇನ್ನೂ ಹಿಂದಕ್ಕೆ, ನಜೀರ ಇದ್ದ ದಿನಕ್ಕೆ ತಿರುಗಿಸುತ್ತಿದ್ದೆ. ಮೆಟ್ಟಿಲ ಮೇಲಿನ ಅಜ್ಜಿಯನ್ನು ನೋಡಿದ ಮೇಲೆ ನನ್ನ ಹಟವೂ ಇಳಿಯಿತು. ಇಂಥವರಿಗಾಗಿಯೇ ನಜೀರ ಅದನ್ನು ಕಟ್ಟಿದ್ದು. ಊಟದ ಮೇಲೆ ಆ ಫೈಲನ್ನು ಇಟ್ಟು ಮುಗಿಸೋಣವೆಂದುಕೊಂಡೆ.

ಅದೂ ನನ್ನ ಪಾಲಿಗೆ ಬರಲಿಲ್ಲ. ಅಜ್ಜಿಯ ಮೊಮ್ಮಗ ನೇರವಾಗಿ ಸಾಹೇಬರ ಕೋಣೆಗೆ ಹೋಗಿ ಜಗಳ ತೆಗೆದಿದ್ದ. ಸಾಹೇಬರು ಹುಬ್ಬಳ್ಳಿಯ ಒಂದು ಕಂಪನಿಗೆ ಫೋನ್ ಮಾಡಿದರು, ಅಲ್ಲಿನ ಎಂಜಿನಿಯರ್ ಒಬ್ಬಳು ತನ್ನ ಜಾಗದಿಂದಲೇ ನಮ್ಮ ಸರ್ವರಿನೊಳಗೆ ಕೈ ಹಾಕಿದಳು. ಪಾಸ್‌ವರ್ಡ್ ಕೊಟ್ಟವನು ನಾನೇ. ಅವಳು ಖಾತೆ ಕೇಳಲಿಲ್ಲ, ಓಟಿಪಿ ಕೇಳಲಿಲ್ಲ. ಪುಕ್ಕಟೆ ಸಿಗುವ ಸರ್ಟಿಫಿಕೇಟನ್ನು ಕೂಡಿಸಿ, ತಾನೇ ಹೊಸದಾಗುವ ಹಾಗೆ ಹೇಳಿಕೊಟ್ಟು, ಸಾಹೇಬರ ಚಹಾ ಮುಗಿಯುವುದರೊಳಗೆ ಆಯಿತು ಸರ್ ಎಂದಳು. ಕೆಲಸ ಅಚ್ಚುಕಟ್ಟಾಗಿತ್ತು, ಹೆಸರಿಡುವ ಹಾಗಿರಲಿಲ್ಲ.

ಸಾಹೇಬರು ನನ್ನ ಕಡೆ ತಿರುಗಿದರು. "ಇಷ್ಟ ಸಸಾರ ಇತ್ತಂದ್ರ ಇಷ್ಟ ವರ್ಷ ಆ ಮನಿಗೆ ಯಾಕ ಅಡ್ಡಾಡಿದ್ರಿ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಮೇಜಿನ ಮೇಲಿನ ಕಡತ ಎಳೆದುಕೊಂಡರು. ಗೋಡೆಯ ಮೇಲಿನ ಚೌಕಟ್ಟು ಅಲ್ಲೇ ಇತ್ತು. ಖಾನಾಪುರದ ಯಂತ್ರಕ್ಕೆ ಆ ವಾರವೇ ಹೊಸ ಬ್ಯಾಟರಿಯೂ ಹೋಯಿತು.

ಕೆಲವೇ ತಿಂಗಳಲ್ಲಿ ನನ್ನ ನಿವೃತ್ತಿಯಾಯಿತು. ಶಾಲು ಹೊದಿಸಿದರು, ಸಾಹೇಬರು ಮತ್ತೆ ಮೈಕ್ ಹಿಡಿದರು. ಅವರ ಮಾತು ನನ್ನ ಕಿವಿಗೆ ಹೋಗಲಿಲ್ಲ. ಆವರೆಗೂ ನಾನು ಖಾನಾಪುರಕ್ಕೆ ಹೋಗಿರಲಿಲ್ಲ, ಹೋಗಿ ಏನು ಹೇಳಲಿ? ಮನೆಯಲ್ಲಿ ಕೂತ ಮೇಲೆ ಕೆಲಸವಿದೆಯೆಂಬ ನೆವವೂ ಉಳಿಯಲಿಲ್ಲ. ಒಂದು ದಿನ ಬಸ್ಸು ಹತ್ತಿದೆ.

ಭಾಬಿ ಒಬ್ಬರೇ ಇದ್ದರು. ಆಯಿಷಾ ಪೇಟೆಯ ಒಂದು ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ, ರಕ್ತ ತೆಗೆಯಲು ಕಲಿತ ಕೈಯಿಂದ ಸೀರೆ ಮಡಚುತ್ತಿದ್ದಾಳೆ ಎಂದರು. ಹೇಳುವಾಗ ಅಳಲಿಲ್ಲ. ಫೋನು ಅದೇ ಗೂಡಿನಲ್ಲಿ ಚಾರ್ಜಿಗೆ ಇತ್ತು.

"ದಿನಾ ನೋಡ್ತೀನ್ರಿ ಭಾಯಿ. ಸಾಹೇಬ್ರ ಫೋನ್ ಬರ್ತೈತಿ ಅಂತ ಸಂತಿಗಿ ಹೋದ್ರೂ ಕೈಯಾಗ ಹಿಡಕೊಂಡ ಹೋಗ್ತೀನಿ. ನಂಬರ್ ಬೇಕಾಗೇ ಬೇಕಾಗ್ತೈತಲ್ಲ ಅವರಿಗೆ," ಎಂದರು.

ನಾನು ಎಲ್ಲವನ್ನೂ ಹೇಳಿದೆ. ಬೀಗ ಹೊಸದಾಗಿ ತಿಂಗಳುಗಳೇ ಆದವು, ಇನ್ನು ಅದು ತಾನೇ ಹೊಸದಾಗುತ್ತದೆ, ಈ ನಂಬರಿಲ್ಲದೆಯೂ ಆಗುತ್ತಿತ್ತು, ಮೊದಲಿನಿಂದಲೂ ಆಗುತ್ತಿತ್ತು, ಮಾತು ಮರೆಯಬಾರದೆಂದು ನಾನೇ ಹೀಗೆ ಇಟ್ಟಿದ್ದೆ ಎಂದೆಲ್ಲ. ಅವರು ಸಿಟ್ಟಾಗಲಿ ಎಂದು ಕಾದೆ. ಅವರು ಎದ್ದು ಗೂಡಿನ ಹತ್ತಿರ ಹೋಗಿ, ಫೋನನ್ನು ಕೈಗೆ ತೆಗೆದುಕೊಂಡು, ಸೆರಗಿನಿಂದ ಅದರ ಗಾಜು ಒರೆಸಿದರು.

"ಹಂಗಂದ್ರ, ಇದನ್ನ ಇನ್ನ ರಿಚಾರ್ಜ್ ಮಾಡಸೂದು ಬ್ಯಾಡೇನ್ರಿ?" ಎಂದು ಕೇಳಿದರು.

ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಬೇಕು ಎನ್ನಲು ಕಾರಣವೊಂದೂ ಉಳಿದಿರಲಿಲ್ಲ. ಅವರು ಗೋಡೆಯಿಂದ ಚಾರ್ಜರ್ ಕಿತ್ತು, ವೈರನ್ನು ಸುತ್ತಿ ಫೋನಿನ ಜೊತೆಗೇ ಕಪಾಟಿನಲ್ಲಿ ಇಟ್ಟರು. ಆಮೇಲೆ ಚಹಾಕ್ಕೆ ನೀರಿಡಲು ಒಳಗೆ ಹೋದರು.